ಎರಡು ಎಡ ರೆಕ್ಕೆಗಳು

ಹಾರ್ನಪ್ಪ ಎಂಬ ಹೆಸರನ್ನು ಅವನಿಗೆ ಇಟ್ಟದ್ದು ತಂದೆತಾಯಿಯಲ್ಲ, ಬಸ್ ಡಿಪೋದವರು. ಇಪ್ಪತ್ನಾಲ್ಕು ವರ್ಷದಿಂದ ಒಂದೇ ಮಾರ್ಗದಲ್ಲಿ ಬಸ್ಸು ಓಡಿಸುತ್ತಿದ್ದ ಅವನು ಬ್ರೇಕಿಗಿಂತ ಹಾರ್ನನ್ನೇ ಹೆಚ್ಚು ನಂಬಿದ ಮನುಷ್ಯ. ಅಡ್ಡ ಬಂದ ಸೈಕಲ್ಲಿಗೆ ಹಾರ್ನು, ದಾರಿ ಬಿಡದ ಕಾರಿಗೆ ಹಾರ್ನು. ಸಿಗ್ನಲ್ಲು ಕೆಂಪಾದರೆ ಅದಕ್ಕೂ ಒಂದು, ನಾಚಿಕೊಂಡಾದರೂ ಹಸಿರಾಗಲಿ ಎಂದು.

ವರ್ಷದ ತಪಾಸಣೆಯ ದಿನ ಡಿಪೋದ ಡಾಕ್ಟರು ಅವನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಯಂತ್ರ ಕೆಟ್ಟಿರಬೇಕೆಂದು ಇನ್ನೊಂದನ್ನು ತರಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟು ಅವನ ಮುಖವನ್ನೇ ನೋಡಿದರು.

"ನಿಮಗೆ ಇಷ್ಟೊಂದು ಸಿಟ್ಟು ಎಲ್ಲಿಂದ ಬರುತ್ತೆ?"

"ಮುಂದಿನ ಗಾಜಿಂದ, ಡಾಕ್ಟ್ರೇ."

ಒಂದು ತಿಂಗಳು ಬಸ್ಸು ಮುಟ್ಟಕೂಡದು ಎಂದಾಯಿತು. ಮಾತ್ರೆಯ ಜೊತೆಗೆ ಡಾಕ್ಟರು ಒಂದು ಬುದ್ಧಿಮಾತನ್ನೂ ಬರೆದುಕೊಟ್ಟರು: ಕೂತಲ್ಲೇ ಮಾಡುವ ಯಾವುದಾದರೂ ಸಣ್ಣ ಕೈಕೆಲಸ ಹಿಡಿಯಿರಿ, ಮನಸ್ಸು ತಣ್ಣಗಾಗುತ್ತದೆ.

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಡಾಕ್ಟರು ಬರೆದದ್ದನ್ನು ಅಕ್ಷರಶಃ ಪಾಲಿಸುವುದು ಅವಳಿಗೆ ರಕ್ತಗತ. ಮರುದಿನವೇ ಕೆಲಸದಿಂದ ಬರುವಾಗ ಆಟಿಕೆ ಅಂಗಡಿಗೆ ಹೋಗಿ ಒಂದು ಉದ್ದನೆಯ ಡಬ್ಬಿ ತಂದಳು. ಮೇಲೆ ನೀಲಿ ಆಕಾಶದಲ್ಲಿ ಹಾರುವ ಹಳದಿ ವಿಮಾನದ ಚಿತ್ರ. ಬಾಲ್ಸಾ ಎಂಬ ಹತ್ತಿಯಷ್ಟು ಹಗುರವಾದ ಮರದ ತುಂಡುಗಳನ್ನು ಅಂಟಿಸಿ, ತೆಳುಕಾಗದ ಹೊದಿಸಿ, ರಬ್ಬರು ತಿರುಚಿ ಹಾರಿಸಬೇಕಾದ ವಿಮಾನ ಅದು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಎಂಟು ವರ್ಷ ಮೇಲ್ಪಟ್ಟವರಿಗೆ ಎಂದಿತ್ತು.

"ಏನೇ ಇದು? ನನಗೆ ಐವತ್ತು!"

"ಹಾಗಾದ್ರೆ ಅರ್ಹತೆ ಇದೆಯಲ್ಲ, ಕೂತು ಮಾಡಿ" ಎಂದು ಅವಳು ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟು ಒಳಗೆ ಹೋದಳು.

ಆ ಮೇಜು ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲಿ. ಅದೇ ಕೋಣೆಯ ಕಿಟಕಿಯ ಬದಿಗೆ ಅತ್ತೆಯ ಹೊಲಿಗೆ ಯಂತ್ರವಿತ್ತು. ಅತ್ತೆ ಎಂದರೆ ಹೆಂಡತಿಯ ತಾಯಿ. ಮನೆಯೂ ಆಕೆಯದೇ. ನಲವತ್ತು ವರ್ಷ ಟೈಲರಿಂಗ್ ಮಾಡಿದಾಕೆ, ಈಗಲೂ ಕತ್ತಿನಲ್ಲಿ ಅಳತೆಯ ಟೇಪಿಲ್ಲದೆ ಬಾಗಿಲು ತೆರೆಯುತ್ತಿರಲಿಲ್ಲ. ಮೊಣಕಾಲು ನೋವೆಂದು ಹೊರಗೆ ಓಡಾಡುವುದು ಕಡಿಮೆಯಾಗಿತ್ತೇ ಹೊರತು ಕಣ್ಣಾಗಲಿ ನಾಲಗೆಯಾಗಲಿ ಸ್ವಲ್ಪವೂ ಮೊಂಡಾಗಿರಲಿಲ್ಲ.

ಅತ್ತೆ ಅಳಿಯ ಪರಸ್ಪರ ಮಾತಾಡಿ ಹದಿನೈದು ವರ್ಷವಾಗಿತ್ತು.

ಜಗಳ ಶುರುವಾದದ್ದು ಮದುವೆಯ ದಿನ. ಅಳಿಯನ ಕೋಟನ್ನು ಅತ್ತೆ ತಾನೇ ಕೈಯಾರೆ ಹೊಲಿದಿದ್ದಳು. ಅವನು ಅದನ್ನು ತೊಟ್ಟು, ನೆಂಟರ ಗುಂಪಿನ ನಡುವೆ ನಿಂತು, "ಎಡತೋಳು ಗಿಡ್ಡ ಆಗಿದೆ" ಎಂದುಬಿಟ್ಟ. ಅತ್ತೆ ಮಾತಿಲ್ಲದೆ ಕತ್ತಿನ ಟೇಪು ಎಳೆದು ಮೊದಲು ಕೋಟಿನ ಎರಡೂ ತೋಳು ಅಳೆದಳು, ಆಮೇಲೆ ಮದುಮಗನ ಎರಡೂ ಕೈ ಅಳೆದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಕೋಟು ಸರಿಯಾಗಿದೆ. ಹುಡುಗನೇ ಸರಿಯಿಲ್ಲ."

ಅವನ ಎಡಗೈ ನಿಜಕ್ಕೂ ಅರ್ಧ ಇಂಚು ಉದ್ದವಿತ್ತು. ಅದೇ ಅವನ ಹೊಟ್ಟೆಗೆ ಬೆಂಕಿ ಹಾಕಿದ್ದು.

ಅಂದಿನಿಂದ ಮನೆಯಲ್ಲಿ ಎಲ್ಲ ಮಾತೂ ಹೆಂಡತಿಯ ಮೂಲಕವೇ. "ಟಿವಿ ಸಣ್ಣ ಮಾಡೋಕೆ ನಿನ್ನ ಗಂಡನಿಗೆ ಹೇಳು" ಎಂದು ಅತ್ತೆ, "ಸ್ನಾನದ ಮನೆ ಬೇಗ ಬಿಡೋಕೆ ನಿಮ್ಮಮ್ಮನಿಗೆ ಹೇಳು" ಎಂದು ಅಳಿಯ. ಇಬ್ಬರೂ ಎರಡು ಮಾರು ದೂರದಲ್ಲಿ ಕೂತೇ ಹೇಳುತ್ತಿದ್ದರು.

ಈಗ ತೊಂದರೆ ಏನೆಂದರೆ, ಹಗಲೆಲ್ಲ ಹೆಂಡತಿ ಆಸ್ಪತ್ರೆಯಲ್ಲಿ. ಅವನು ರಜೆಯಲ್ಲಿ. ಒಂದು ಕೋಣೆ, ಇಬ್ಬರು, ನಡುವೆ ಯಾರೂ ಇಲ್ಲ.

ಹಾರ್ನಪ್ಪ ಡಬ್ಬಿ ತೆರೆದ. ಒಳಗೆ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪನೆಯ ಕಡ್ಡಿಗಳು, ಭಾಗಗಳ ಗುರುತು ಹಾಕಿದ ತೆಳ್ಳನೆ ಹಲಗೆಗಳು, ಪ್ಲಾಸ್ಟಿಕ್ಕಿನ ಫ್ಯಾನು, ತಂತಿ, ರಬ್ಬರು, ಮಡಿಚಿದ ಹಳದಿ ಕಾಗದ, ಮೇಜಿನಷ್ಟೇ ದೊಡ್ಡ ನಕ್ಷೆ. ನಕ್ಷೆಯ ಮೇಲೇ ಕಡ್ಡಿಗಳನ್ನಿಟ್ಟು ಗುಂಡುಸೂಜಿ ಚುಚ್ಚಿ ನಿಲ್ಲಿಸಿ ಅಂಟಿಸಬೇಕಂತೆ. ಸ್ಟೀರಿಂಗು ಹಿಡಿದು ಹಿಡಿದು ಬಾಳೆಕಾಯಿಯಂತಾಗಿದ್ದ ಅವನ ಬೆರಳುಗಳಿಗೆ ಆ ಕಡ್ಡಿ ಸಿಕ್ಕುವುದೇ ಕಷ್ಟ. ಮೊದಲ ಮೂರು ಕಡ್ಡಿಗಳು ಹಿಡಿಯುವಾಗಲೇ ಮುರಿದವು. ನಾಲ್ಕನೆಯದು ಸೀನಿದಾಗ ಹಾರಿಹೋಯಿತು.

ಗುಂಡುಸೂಜಿ ಡಬ್ಬಿಯಲ್ಲಿ ಇರಲಿಲ್ಲ. ಅದು ಇದ್ದದ್ದು ಅತ್ತೆಯ ಯಂತ್ರದ ಮೇಲಿನ ಪುಟ್ಟ ದಿಂಬಿನಲ್ಲಿ.

ಅವನು ಗೋಡೆಯ ಗಡಿಯಾರದ ಕಡೆ ತಿರುಗಿ, "ಈ ಮನೇಲಿ ನಾಲ್ಕು ಗುಂಡುಸೂಜಿ ಸಿಕ್ಕಿದ್ರೆ ಎಷ್ಟೋ ಉಪಕಾರ ಆಗ್ತಿತ್ತು" ಎಂದ.

ಅತ್ತೆ ತನ್ನ ಯಂತ್ರಕ್ಕೆ ಹೇಳಿದಳು: "ಸೂಜಿ ತಗೊಂಡವರು ಎಣಿಸಿ ವಾಪಸ್ ಕೊಟ್ರೆ ನಮಗೂ ಬೇಜಾರಿಲ್ಲಪ್ಪ."

ಹೀಗೆ ಗಡಿಯಾರವೂ ಹೊಲಿಗೆ ಯಂತ್ರವೂ ಐದಾರು ದಿನ ಮಾತಾಡಿಕೊಂಡವು. ಅಷ್ಟರಲ್ಲಿ ಹಾರ್ನಪ್ಪನ ಕೈ ಪಳಗಿತು. ಬ್ಲೇಡಿನಿಂದ ಹಲಗೆ ಕತ್ತರಿಸಿ ಪಕ್ಕೆಲುಬಿನಂಥ ಪಟ್ಟಿಗಳನ್ನು ಬಿಡಿಸಿದ, ಉಪ್ಪುಕಾಗದದಿಂದ ತಿಕ್ಕಿ ನಯ ಮಾಡಿದ. ಅವನ ಹುಬ್ಬಿನ ಮೇಲೆಲ್ಲ ಬಿಳಿ ಮರದ ಹುಡಿ. ಒಂದು ರೆಕ್ಕೆಯ ಹಂದರ ಮುಗಿಯಿತು, ಎರಡು ದಿನಕ್ಕೆ ಇನ್ನೊಂದೂ ಮುಗಿಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು, ಸೊಂಟದ ಮೇಲೆ ಕೈಯಿಟ್ಟು, ಹೊಸ ಬಸ್ಸು ನೋಡುವ ಹಾಗೆ ಸುತ್ತು ಹಾಕಿ ನೋಡಿದ.

ಅತ್ತೆ ನೀರು ಕುಡಿಯಲು ಹೋಗುತ್ತಿದ್ದವಳು ಮೇಜಿನ ಬಳಿ ನಿಂತಳು. ಅವಳ ಹೊಟ್ಟೆ ಅಲುಗಾಡತೊಡಗಿತು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ಯಂತ್ರದ ಹತ್ತಿರ ಹೋಗಿ ಅದರ ಬೆನ್ನು ತಟ್ಟಿ ಹೇಳಿದಳು: "ನೋಡಿದೆಯಾ? ಕಲಿಯೋಕೆ ಬಂದ ಹುಡುಗೀರು ಮೊದಲನೇ ದಿನ ಮಾಡೋ ಕೆಲಸ. ಎರಡೂ ಎಡತೋಳು!"

ಹಾರ್ನಪ್ಪನಿಗೆ ಅರ್ಥವಾಗಲಿಲ್ಲ. ರೆಕ್ಕೆಗಳನ್ನು ವಿಮಾನದ ಹೊಟ್ಟೆಯ ಎರಡೂ ಬದಿಗೆ ಹಿಡಿದು ನೋಡಿದ. ಒಂದರ ದುಂಡು ಅಂಚು ಮುಂದಕ್ಕೆ ಬಂದರೆ ಇನ್ನೊಂದರದು ಹಿಂದಕ್ಕೆ. ತಿರುಗಿಸಿದರೆ ರೆಕ್ಕೆಯ ಅಡಿ ಮೇಲಾಯಿತು. ಮಗುಚಿದ, ಅಡ್ಡ ಹಿಡಿದ, ತಾನೇ ಮೇಜಿನ ಆ ಕಡೆಗೆ ಹೋಗಿ ನೋಡಿದ. ಕೊನೆಗೆ ನಕ್ಷೆಯ ಮೂಲೆಯಲ್ಲಿದ್ದ ಸಾಲು ಕಣ್ಣಿಗೆ ಬಿತ್ತು. ಬಲ ರೆಕ್ಕೆ ಮಾಡುವಾಗ ನಕ್ಷೆಯನ್ನು ಮಗುಚಿ ಹಾಕಿಕೊಳ್ಳಬೇಕು.

ಅವನ ಕಿವಿ ಕೆಂಪಗಾಯಿತು. ಅತ್ತೆಯ ಎದುರು ಸೋಲುವ ಪ್ರಶ್ನೆಯೇ ಇಲ್ಲ; ಒಂದು ರೆಕ್ಕೆಯನ್ನು ಬಿಚ್ಚಿ ಈಗಲೇ, ಇಲ್ಲೇ, ಮತ್ತೆ ಜೋಡಿಸಿಬಿಡುತ್ತೇನೆಂದು ಕ್ಷಣದಲ್ಲಿ ಹಿಡಿಯುವ ಅಂಟಿನ ಕೊಳವೆಯನ್ನು ಹಲ್ಲಿನಿಂದ ಕಚ್ಚಿ ತೆರೆದ. ಸಿಟ್ಟಿನಲ್ಲಿ ಕೊಳವೆಯನ್ನು ಹಿಂಡಿದ್ದು ಬಸ್ಸಿನ ಹಾರ್ನು ಹಿಂಡುವಷ್ಟು ಜೋರಾಗಿ. ಅಂಟು ಎಲ್ಲ ಕಡೆ ಹರಿಯಿತು. ಒರೆಸಲು ಹೋದ ಬಲ ಅಂಗೈ ನಕ್ಷೆಗೆ ಹಿಡಿಯಿತು, ನಕ್ಷೆ ಮೇಜಿಗೆ ಹಿಡಿಯಿತು. ಎಡಗೈಯ ಎರಡು ಬೆರಳು ರೆಕ್ಕೆಗೆ ಹಿಡಿದವು. ರೆಕ್ಕೆ, ಹೇಗೋ ಏನೋ, ಅವನ ಅಂಗಿಗೆ ಹಿಡಿಯಿತು.

ಐದು ನಿಮಿಷ ಅವನು ಅಲುಗದೆ ನಿಂತ. ಅತ್ತೆ ಒಳಗೆ ಹೋಗಿದ್ದಳು. ಹೆಂಡತಿ ಬರಲು ಇನ್ನೂ ನಾಲ್ಕು ಗಂಟೆಯಿತ್ತು. ಗಡಿಯಾರಕ್ಕೆ ಹೇಳಿ ಪ್ರಯೋಜನವಿರಲಿಲ್ಲ.

"ಅತ್ತೇ!" ಎಂದು ಕೂಗಿದ.

ಹದಿನೈದು ವರ್ಷದಲ್ಲಿ ಮೊದಲ ಸಲ ಆ ಶಬ್ದ ಆ ಮನೆಯಲ್ಲಿ ನೇರವಾಗಿ ಹೊರಟಿತ್ತು. ಅತ್ತೆ ಮೊಣಕಾಲು ನೋವನ್ನು ಮರೆತು ಓಡಿಬಂದಳು. ಒಂದು ನೋಟಕ್ಕೆ ಎಲ್ಲ ತಿಳಿಯಿತು.

"ಕದಲಬೇಡಿ. ಚರ್ಮ ಕಿತ್ತು ಬರುತ್ತೆ" ಎಂದಳು, ನೇರವಾಗಿಯೇ. ಮಗಳ ಕಪಾಟಿನಿಂದ ಉಗುರುಬಣ್ಣ ಅಳಿಸುವ ದ್ರವದ ಸೀಸೆ ತಂದು, ಹತ್ತಿಯನ್ನು ಅದ್ದಿ, ಅವನ ಹಿಂದಕ್ಕೊಂದು ಕುರ್ಚಿ ತಳ್ಳಿ ಕೂರಿಸಿ, ತಾನೂ ಎದುರು ಕುರ್ಚಿ ಎಳೆದುಕೊಂಡು ಕೂತಳು. ಬೆರಳಿಂದ ಶುರು ಮಾಡಿದಳು. ನಿಧಾನದ ಕೆಲಸ. ಇಬ್ಬರ ಮುಖಗಳ ನಡುವೆ ಒಂದು ಗೇಣು ಜಾಗ. ಅಷ್ಟು ಹತ್ತಿರ ಕೂತು ಸುಮ್ಮನಿರುವುದು ಅವನಿಗೆ ಮುಜುಗರವಾಯಿತು. ಏನಾದರೂ ಒಳ್ಳೆಯ ಮಾತಾಡೋಣವೆಂದು ಗಂಟಲು ಸರಿಮಾಡಿಕೊಂಡ.

"ನೀವು ನನ್ನ ಡ್ರೈವಿಂಗ್ ಬಗ್ಗೆ ಹೇಳಿದ್ದು ಇವಳು ನನಗೆ ಹೇಳಿದ್ಲು. ಮನಸ್ಸಿಗೆ ಖುಷಿಯಾಗಿತ್ತು."

"ನಾನೇನು ಹೇಳಿದೆ?"

"ಅದೇ, ನಾನು ಬ್ರೇಕ್ ಹಾಕಿದ್ರೆ ಬೆಣ್ಣೆ ಮೇಲೆ ಚಾಕು ಇಟ್ಟ ಹಾಗಿರುತ್ತೆ ಅಂತ."

ಅತ್ತೆಯ ಕೈಯ ಹತ್ತಿ ನಿಂತಿತು. "ನಾನಾ? ನಿಮ್ಮ ಬಸ್ ಹತ್ತಿದ್ದೇ ಒಂದು ಸಲ. ಇಳಿದ ಮೇಲೆ ಮೂರು ದಿನ ಕುತ್ತಿಗೆ ತಿರುಗಲಿಲ್ಲ. ಅದನ್ನೇ ಹೇಳು ಅಂತ ಅವಳಿಗೆ ಹೇಳಿದ್ದು."

ಅತ್ತೆಯ ಹುಬ್ಬು ಮೆಲ್ಲಗೆ ಗಂಟಾಯಿತು.

"ಹಾಗಾದ್ರೆ ನಾನು ಹೊಲಿದುಕೊಟ್ಟ ನೀಲಿ ಶರ್ಟು? ಅದನ್ನ ಡಿಪೋದಲ್ಲಿ ಎಲ್ಲರಿಗೂ ತೋರಿಸಿ, ಇಂಥ ಕಾಲರ್ ಯಾವ ಅಂಗಡೀಲೂ ಸಿಗಲ್ಲ ಅಂತೀರಂತಲ್ಲ?"

ಅವನು ಅಂಟಿದ ಕೈಯನ್ನೇ ನೋಡುತ್ತ, "ಅದು ಡಿಪೋದಲ್ಲೇ ಇದೆ" ಎಂದ.

"ಡಿಪೋದಲ್ಲಿ ಎಲ್ಲಿ?"

"ಮುಂದಿನ ಗಾಜು ಒರೆಸೋಕೆ ಇಟ್ಕೊಂಡಿದೀನಿ."

ಅತ್ತೆ ಹತ್ತಿಯನ್ನು ಮತ್ತೆ ಅದ್ದಿ ಅವನ ಬೆರಳಿಗೆ ಒತ್ತಿದಳು, ಈ ಸಲ ಸ್ವಲ್ಪ ಜೋರಾಗಿಯೇ. ಹದಿನೈದು ವರ್ಷ ಅವರವರ ಮನಸ್ಸಿನಲ್ಲಿ ಒಂದೇ ಸಮಾಧಾನವಿತ್ತು: ಎದುರು ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೆ ನನ್ನನ್ನು ಮೆಚ್ಚುತ್ತಾರೆ ಎಂದು. ಆ ಸಮಾಧಾನವೂ ಅಂಟಿನ ಜೊತೆಗೆ ಬಿಟ್ಟುಕೊಂಡು ಬಂತು. ಒಂದೊಂದಾಗಿ ಹಳೆಯ ಮಾತುಗಳನ್ನು ತಾಳೆ ಹಾಕಿದರು. ಅತ್ತೆಗೆ ಕಾಯಿಲೆಯಾದಾಗ ಅಳಿಯ ಕಣ್ಣೀರು ಹಾಕಿದ್ದು ಸುಳ್ಳು, ನೆಗಡಿಯಾಗಿತ್ತು. ಅಳಿಯನ ಹಾಡು ಕೇಳಿ ಅತ್ತೆ ತಲೆದೂಗಿದ್ದು ಸುಳ್ಳು. ಆ ದಿನ ಆಕೆ ಮನೆಯಲ್ಲೇ ಇರಲಿಲ್ಲ.

"ನಮ್ಮನ್ನ ಏನಂತ ತಿಳ್ಕೊಂಡಿದಾಳೆ ಇವಳು?" ಎಂದ ಹಾರ್ನಪ್ಪ.

"ಬರಲಿ ಇವತ್ತು" ಎಂದಳು ಅತ್ತೆ.

ಸಂಜೆ ಹೆಂಡತಿ ಬಾಗಿಲು ತೆರೆದಾಗ ಇಬ್ಬರೂ ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದರು. ಅಷ್ಟಕ್ಕೇ ಅವಳಿಗೆ ಅರ್ಧ ತಿಳಿಯಿತು. ಮೇಜಿನ ಮೇಲಿನ ಖಾಲಿ ಸೀಸೆ ನೋಡಿದಾಗ ಉಳಿದರ್ಧವೂ ತಿಳಿಯಿತು. ಚಪ್ಪಲಿ ಬಿಚ್ಚಿ, ಚೀಲ ಕೆಳಗಿಟ್ಟು, ಎದುರಿನ ಕುರ್ಚಿಯಲ್ಲಿ ಕೂತಳು.

"ಎಷ್ಟು ಸುಳ್ಳು ಹೇಳಿದೀಯಾ ನೀನು?" ಎಂದಳು ತಾಯಿ.

"ಲೆಕ್ಕ ಇಟ್ಟಿಲ್ಲಮ್ಮ" ಎಂದಳು ಮಗಳು. "ದಿನಕ್ಕೆ ಕಡಿಮೆ ಅಂದ್ರೂ ನಾಲ್ಕು ಮಾತು ಆ ಕಡೆಯಿಂದ ಈ ಕಡೆಗೆ ಹೊತ್ತಿದೀನಿ. ನೀವು ಆಡಿದ್ದನ್ನ ಆಡಿದ ಹಾಗೇ ಹೊತ್ತಿದ್ರೆ ಈ ಮನೇಲಿ ಒಂದು ತಟ್ಟೆಯಾದ್ರೂ ಉಳೀತಿತ್ತಾ? ಈಗ ಹೇಗೂ ಮಾತು ಶುರುವಾಗಿದೆಯಲ್ಲ, ನಿಮ್ಮ ನಿಮ್ಮ ಮಾತು ನೀವೇ ಆಡಿಕೊಳ್ಳಿ. ನನಗೆ ರಜೆ ಸಿಕ್ಕಿತು."

ಹೀಗೆಂದವಳು ಮುಖ ತೊಳೆದು, ಊಟ ಮಾಡಿ, ಎಂಟೂವರೆಗೆಲ್ಲ ಹಾಯಾಗಿ ಮಲಗಿಬಿಟ್ಟಳು. ಬೆಂಚಿನ ಮೇಲೆ ಕೂತಿದ್ದ ಇಬ್ಬರಿಗೆ ಜಗಳ ಮುಂದುವರಿಸಲು ಎದುರಾಳಿಯೇ ಇಲ್ಲದೆ ಹೋಯಿತು.

ಮರುದಿನದಿಂದ ಅವರು ಒಬ್ಬರ ಜೊತೆಗೊಬ್ಬರು ನೇರವಾಗಿ ಜಗಳವಾಡತೊಡಗಿದರು. ಹದಿನೈದು ವರ್ಷದ ಬಾಕಿ ಸಣ್ಣದೇನಲ್ಲ. ಆದರೆ ಕೈಗಳು ಸುಮ್ಮನಿರಲಿಲ್ಲ. ಮೇಜಿನಿಂದ ಬಿಡಿಸಿದ ನಕ್ಷೆಯನ್ನು ಗಾಜಿನ ಕಿಟಕಿಗೆ ಹಿಡಿದು, ಹಿಂಬದಿಯಲ್ಲಿ ಗೆರೆ ಎಳೆದು, ಬಲ ರೆಕ್ಕೆಯ ಅಚ್ಚು ಮಾಡಿಕೊಟ್ಟವಳು ಅತ್ತೆಯೇ. ಅದನ್ನು ಅವನು ಹೊಸದಾಗಿ ಕಟ್ಟಿದ. ಹಳದಿ ಕಾಗದ ಹೊದಿಸುವ ಸರದಿ ಬಂದಾಗ ಆಕೆ ಅವನ ಕೈಯಿಂದ ಕಿತ್ತುಕೊಂಡಳು.

"ಬಿಡ್ರಿ. ಕಾಗದಕ್ಕೂ ಬಟ್ಟೆ ಹಾಗೆ ಎಳೆ ಇರುತ್ತೆ. ಅಡ್ಡಾದಿಡ್ಡಿ ಹಾಕಿದ್ರೆ ಸುಕ್ಕು ಬೀಳುತ್ತೆ."

"ಇದು ವಿಮಾನ ರೀ, ರವಿಕೆ ಅಲ್ಲ!"

"ರವಿಕೆ ಹೊಲಿದವಳಿಗೆ ವಿಮಾನ ಯಾವ ಲೆಕ್ಕ?"

ಆಕೆ ಹೊದಿಸಿದ ಕಾಗದದ ಮೇಲೆ, ಇಸ್ತ್ರಿ ಮಾಡುವಾಗ ಹೊಡೆಯುವ ಹಾಗೆ, ನೀರಿನ ಹನಿ ಸಿಂಪಡಿಸಿದಳು. ಕಾಗದ ಒದ್ದೆಯಾಗಿ ಜೋಲುಬಿದ್ದಾಗ ಹಾರ್ನಪ್ಪ ತಲೆಗೆ ಕೈಹೊತ್ತು ಕೂತ. ಅರ್ಧ ಗಂಟೆಗೆ ಅದು ಒಣಗಿ, ಬಿಗಿದು, ತಮಟೆಯ ಚರ್ಮದಂತಾಯಿತು. ಬೆರಳಿನಿಂದ ಮೀಟಿದರೆ ಟಕ್ ಎಂದಿತು. ಅವನು ಮೂರು ಸಲ ಮೀಟಿದ. ನಾಲ್ಕನೆಯದಕ್ಕೆ ಅತ್ತೆ ಅವನ ಕೈಗೆ ಸ್ಕೇಲಿನಿಂದ ಹೊಡೆದಳು. ಆ ವಾರ ಹೆಂಡತಿ ಅವನ ಬಿಪಿ ನೋಡಿದಾಗಲೆಲ್ಲ ಅದು ಇಳಿಯುತ್ತಲೇ ಇತ್ತು. ಎರಡು ಗಂಟಲುಗಳು ಬೀದಿಗೆ ಕೇಳುವ ಹಾಗೆ ಕಿರುಚುವ ಮನೆಯಲ್ಲಿ ಅದು ಹೇಗೆ ಸಾಧ್ಯವೆಂದು ಕಲಿತ ನರ್ಸಿಗೂ ಅರ್ಥವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಡಿಪೋದ ಪಕ್ಕದ ಬಯಲಿಗೆ ಇಬ್ಬರೂ ವಿಮಾನ ತೆಗೆದುಕೊಂಡು ಹೋದರು. ಗಾಳಿಯಿರಲಿಲ್ಲ. ಹಾರ್ನಪ್ಪ ಫ್ಯಾನನ್ನು ಬೆರಳಿನಿಂದ ತಿರುಗಿಸಿ ಒಳಗಿನ ರಬ್ಬರನ್ನು ತಿರುಚಿದ. ಅತ್ತೆ ಗಟ್ಟಿಯಾಗಿ ಎಣಿಸಿದಳು. ಇನ್ನೂರು ಸುತ್ತು.

"ತಳ್ಳಬೇಡಿ, ಸುಮ್ಮನೆ ಬಿಡಿ" ಎಂದಳು.

ಅವನು ಬಿಟ್ಟ. ವಿಮಾನ ಒಂದು ಮೊಳ ಕೆಳಗೆ ಕುಸಿದು, ಇಬ್ಬರ ಜೀವವನ್ನೂ ಬಾಯಿಗೆ ತಂದು, ಮತ್ತೆ ಮೂತಿಯೆತ್ತಿತು. ಗುಂಯ್ ಎಂದು ಏರಿತು. ಬೆಳಗಿನ ಬಿಸಿಲು ಹಳದಿ ಕಾಗದದ ಮೂಲಕ ಹಾಯ್ದು ಒಳಗಿನ ಒಂದೊಂದು ಪಕ್ಕೆಲುಬೂ ಕಾಣಿಸಿತು. ತಲೆಯ ಮೇಲೆ ಒಂದು ಸುತ್ತು, ಇನ್ನೊಂದು ಸುತ್ತು. ಇಪ್ಪತ್ನಾಲ್ಕು ವರ್ಷ ಹತ್ತು ಟನ್ ಕಬ್ಬಿಣ ಓಡಿಸಿದವನ ಕೈಯಿಂದ ಅಷ್ಟು ಹಗುರವಾದದ್ದೊಂದು ಹೊರಟು ಗಾಳಿಯಲ್ಲಿ ನಿಂತಿತ್ತು. ಅವನಿಗೆ ಕಣ್ಣು ತುಂಬಿತು. ಈ ಸಲ ನೆಗಡಿಯಿರಲಿಲ್ಲ. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಮೂರನೆಯ ಸುತ್ತಿಗೆ ವಿಮಾನ ಡಿಪೋದ ಗೋಡೆ ದಾಟಿತು. ಇಬ್ಬರೂ ಗೇಟಿಗೆ ಓಡಿದರು. ರಬ್ಬರು ಬಿಚ್ಚಿಕೊಂಡು ಮುಗಿದಿತ್ತು; ವಿಮಾನ ತೇಲುತ್ತ ಇಳಿದು, ಹೊರಟುನಿಂತಿದ್ದ ಒಂದು ಬಸ್ಸಿನ ನೆತ್ತಿಯ ಮೇಲೆ, ಸಾಮಾನು ಹೇರುವ ಕಂಬಿಗಳ ನಡುವೆ ಕೂತುಬಿಟ್ಟಿತು. ಬಸ್ಸು ಗೇಟು ದಾಟಿ ಹೊರಟೇಹೋಯಿತು.

"ಅಯ್ಯೋ, ಕೂಗ್ರಿ! ನಿಲ್ಲಿಸೋಕೆ ಹೇಳ್ರಿ!"

"ಅದು ನಿಧಾನಯ್ಯನ ಬಸ್ಸು. ಅವನಿಗೆ ಒಂದು ಕಿವಿ ಮಂದ."

ನಿಧಾನಯ್ಯ ಡಿಪೋದ ಅತ್ಯಂತ ಹಿರಿಯ ಡ್ರೈವರು. ಅವನ ಬಸ್ಸನ್ನು ಸೈಕಲ್ಲುಗಳು ಹಿಂದೆ ಹಾಕುತ್ತಿದ್ದವು. ಪ್ರಯಾಣಿಕರು ಬೈಯುತ್ತಿದ್ದರು, ಡಿಪೋದವರು ನಗುತ್ತಿದ್ದರು, ಎಲ್ಲರಿಗಿಂತ ಹೆಚ್ಚು ಹಾರ್ನು ಹೊಡೆದವನು ಹಾರ್ನಪ್ಪನೇ. ನಿಧಾನಯ್ಯನ ಹಿಂದೆಯೇ ಹಾರ್ನಪ್ಪನ ಬಸ್ಸೂ ಹೊರಡಲಿತ್ತು. ರಜೆಗೆ ಬದಲಿಯಾಗಿ ಬಂದ ಹೊಸ ಡ್ರೈವರು ಸೀಟಿನಲ್ಲಿದ್ದ. ಎರಡೂ ಬಸ್ಸಿನ ಕೊನೆಯ ನಿಲ್ದಾಣ ಒಂದೇ, ದಾರಿ ಬೇರೆ. ಅತ್ತೆ ಅಳಿಯ ಇಬ್ಬರೂ ಹಾರ್ನಪ್ಪನ ಬಸ್ಸನ್ನೇ ಹತ್ತಿದರು.

ಹಾರ್ನಪ್ಪ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಬಲಗಾಲಿನಿಂದ ನೆಲ ಒತ್ತಿದ. ಅಲ್ಲಿ ಬ್ರೇಕಿರಲಿಲ್ಲ.

"ಈ ಹುಡುಗ ನಿಮಗಿಂತ ಚೆನ್ನಾಗಿ ಓಡಿಸ್ತಾನೆ" ಎಂದಳು ಅತ್ತೆ.

"ಗೊತ್ತಾಗ್ತಿದೆ. ಹೇಳೋದೇನೂ ಬೇಡ."

ಅವರು ನಿಲ್ದಾಣ ತಲುಪಿದಾಗ ನಿಧಾನಯ್ಯನ ಸುಳಿವಿರಲಿಲ್ಲ. ಕಾಲು ಗಂಟೆ ಕಾದರು. ವಿಮಾನ ಗಾಳಿಗೆ ಹಾರಿ ಯಾವುದೋ ಚಕ್ರದಡಿ ಸಿಕ್ಕಿರುತ್ತದೆಂದು ಹಾರ್ನಪ್ಪ ಲೆಕ್ಕ ಹಾಕಿದ. ಆಗ ತಿರುವಿನಲ್ಲಿ ಬಸ್ಸು ಕಂಡಿತು. ಆಮೆಯ ಹಾಗೆ ಬಂತು. ನೆತ್ತಿಯ ಮೇಲೆ ಹಳದಿ ವಿಮಾನ, ಇಟ್ಟ ಹಾಗೇ ಇತ್ತು. ಬೇರೆ ಯಾವ ಡ್ರೈವರಾಗಿದ್ದರೂ ಅದು ಮೊದಲ ತಿರುವಿನಲ್ಲೇ ಉದುರುತ್ತಿತ್ತು.

ನಿಧಾನಯ್ಯ ಕೆಳಗಿಳಿದ. ಅವನ ಮುಖ ಅರಳಿತ್ತು.

"ಹಾರ್ನಪ್ಪಾ, ನೀನೂ ಬಂದಿದೀಯಾ? ಕೇಳು ಮಾರಾಯ. ಇವತ್ತು ದಾರಿಯಲ್ಲಿ ಜನ ಎಲ್ಲ ನಿಂತು ನನಗೆ ಕೈಬೀಸಿದ್ರು. ಅಂಗಡಿಯವರು ಹೊರಗೆ ಬಂದು ನಗ್ತಾ ನೋಡಿದ್ರು. ಒಬ್ಬ ಪೊಲೀಸು ಸಲಾಮ್ ಹೊಡೆದ! ಮೂವತ್ತು ವರ್ಷದಲ್ಲಿ ಇದೇ ಮೊದಲು. ಮುಂದಿನ ತಿಂಗಳು ನಿವೃತ್ತಿ ಅಂತ ಊರಿಗೆಲ್ಲ ಗೊತ್ತಾಗಿರಬೇಕು."

ಹಾರ್ನಪ್ಪ ಬಸ್ಸಿನ ನೆತ್ತಿಯ ಕಡೆ ಬೆರಳೆತ್ತಲು ಹೋದ. ಅತ್ತೆ ಆ ಬೆರಳನ್ನು ಗಟ್ಟಿಯಾಗಿ ಹಿಡಿದು ಕೆಳಗಿಳಿಸಿದಳು. ನಲವತ್ತು ವರ್ಷದಲ್ಲಿ ಒಬ್ಬ ಗಿರಾಕಿಗೂ ಚೆನ್ನಾಗಿ ಕಾಣ್ತೀರಿ ಎಂದು ಸುಳ್ಳು ಹೇಳದ ಹೆಂಗಸು ಮುಂದೆ ಬಂದಳು.

"ಗೊತ್ತಾಗದೆ ಇರುತ್ತಾ? ನಾನೂ ಅದಕ್ಕೇ ಬಂದೆ. ನಮ್ಮ ಅಳಿಯ ಯಾವಾಗಲೂ ಹೇಳ್ತಾರೆ, ಬಸ್ ಓಡಿಸೋದು ಅಂದ್ರೆ ನಿಮ್ಮನ್ನ ನೋಡಿ ಕಲೀಬೇಕು ಅಂತ. ಬನ್ನಿ, ನನಗೊಂದು ಟೀ ಕೊಡಿಸಿ, ಎಲ್ಲ ಹೇಳಿ."

"ಹಾರ್ನಪ್ಪನಾ? ಹಾಗಂದ್ನಾ?" ನಿಧಾನಯ್ಯ ಹಾರ್ನಪ್ಪನ ಭುಜ ಹಿಡಿದುಕೊಂಡ.

"ಹೌದು ಕಣಣ್ಣ" ಎಂದ ಹಾರ್ನಪ್ಪ. ಬೇರೆ ದಾರಿಯಿರಲಿಲ್ಲ.

ಅವರಿಬ್ಬರೂ ಟೀ ಅಂಗಡಿಯ ಕಡೆ ಹೋಗುತ್ತಲೇ ಅವನು ಬಸ್ಸಿನ ಹಿಂದಿನ ಏಣಿ ಹತ್ತಿದ. ವಿಮಾನದ ಬಾಲದಲ್ಲಿ ಒಂದು ಸಣ್ಣ ಹರಕು, ಅಷ್ಟೇ. ಅದನ್ನು ಎದೆಗವಚಿಕೊಂಡು ಒಂದೇ ಕೈಯಲ್ಲಿ ಇಳಿಯುವಾಗ ಕಂಡಕ್ಟರು ಕೆಳಗೆ ನಿಂತು ನೋಡುತ್ತಿದ್ದ.

"ಏನಣ್ಣಾ ಅದು?"

"ಏನೂ ಇಲ್ಲ. ಬಾಯಿ ಮುಚ್ಕೊಂಡಿರು" ಎಂದು ವಿಮಾನವನ್ನು ಅಂಗಿಯ ಅಡಿಗೆ ತೂರಿಸಿದ. ಎರಡೂ ರೆಕ್ಕೆಗಳು ಕಂಕುಳಿನ ಕೆಳಗಿಂದ ಹೊರಗೆ ಚಾಚಿಕೊಂಡಿದ್ದವು.

ಟೀ ಅಂಗಡಿಯಲ್ಲಿ ಅತ್ತೆ ಮೂವತ್ತು ವರ್ಷದ ಕಥೆಯನ್ನು ಕೇಳುತ್ತ ಕೂತಿದ್ದಳು. ನಿಧಾನಯ್ಯ ಮಾತಾಡುವುದೂ ಬಸ್ಸು ಓಡಿಸಿದಷ್ಟೇ ನಿಧಾನವಾಗಿ. ಅವನ ಕಥೆ ಆರನೆಯ ವರ್ಷಕ್ಕೆ ಬಂದಾಗ ಆಕೆ ಕಣ್ಣೆತ್ತಿ ಬಾಗಿಲಾಚೆ ನಿಂತ ಅಳಿಯನನ್ನು ನೋಡಿದಳು. ಅವನು ತಲೆಯಾಡಿಸಿ ಸಿಕ್ಕಿತು ಎಂದು ಸನ್ನೆ ಮಾಡಿದ. ಆಕೆ ಮತ್ತೆ ನಿಧಾನಯ್ಯನ ಕಡೆ ತಿರುಗಿ, "ಆಮೇಲೇನಾಯ್ತು?" ಎಂದು ಇನ್ನೊಂದು ಟೀ ಹೇಳಿದಳು.